ನೆರೆಯವರ ಮರ ನಮ್ಮ ಮೇಲೆ ಬಿದ್ದರೆ: ಹೊಣೆ ಯಾರದು, ಪರಿಹಾರ ಎಷ್ಟರದು?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ ನಮಗೊಂದು ಸಣ್ಣ ಅಡಿಕೆ ತೋಟವಿದೆ. ನೆರೆಮನೆಯವರ ಜಾಗದ ಅಂಚಿನಲ್ಲಿದ್ದ ಹಳೆಯ ಕಾಟುಮಾವಿನ ಮರವೊಂದು ನಮ್ಮ ಹಟ್ಟಿಯ ಕಡೆಗೆ ವಾಲಿತ್ತು. ಬುಡದಲ್ಲಿ ದೊಡ್ಡ ಪೊಟರೆಯಿತ್ತು. ಏಪ್ರಿಲಿನಲ್ಲಿ ನಾನು ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳುಹಿಸಿ, ಪತ್ತನಾಜೆಗೆ (ಮೇ ಕೊನೆಗೆ, ಮಳೆಗಾಲದ ಮುನ್ನ ಬರುವ ತುಳುನಾಡಿನ ದಿನ) ಮೊದಲು ಕಡಿಸಿಬಿಡಿ ಎಂದು ಕೇಳಿಕೊಂಡೆ. ‘ನೋಡುವ’ ಎಂದು ಉತ್ತರ ಬಂತು. ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಬೆಳಗ್ಗೆ ಮಳೆಗಾಳಿಗೆ ಆ ಮರ ಹಟ್ಟಿಯ ಮೇಲೆ ಬಿತ್ತು. ಹಾಲು ಕರೆಯುತ್ತಿದ್ದ 68 ವರ್ಷದ ನನ್ನ ತಾಯಿಯ ತೋಳಿನ ಮೂಳೆ ಮುರಿಯಿತು. ಮಂಗಳೂರಿನಲ್ಲಿ ಆಪರೇಶನ್ ಆಯಿತು. ಹಟ್ಟಿಯ ಪಕ್ಕಾಸು, ಹೆಂಚು ಎಲ್ಲ ಹೋದವು. ‘ಗಾಳಿಗೆ ಬಿದ್ದ ಮರಕ್ಕೆ ನಾವು ಜವಾಬ್ದಾರರಲ್ಲ, ಪ್ರಾಯದವರ ಮೂಳೆ ಹೇಗೂ ಗಟ್ಟಿಯಿರುವುದಿಲ್ಲ, ಅಷ್ಟು ಹೆದರಿಕೆಯಿದ್ದರೆ ನೀವೇ ಗೆಲ್ಲು (ಕೊಂಬೆ) ಕಡಿಯಬಹುದಿತ್ತು’ ಎಂಬುದು ನೆರೆಯವರ ಮಾತು. ಇದರಲ್ಲಿ ಕೇಸಿಲ್ಲ ಎಂದು ಪೊಲೀಸರೂ ಹೇಳಿದರು. ವಕೀಲರೊಬ್ಬರು ‘ಟಾರ್ಟ್ ಪ್ರಕಾರ ದಾವೆ ಹೂಡಬಹುದು’ ಎನ್ನುತ್ತಾರೆ. ಹಾಗೆಂದರೇನು? ನಮಗೆ ಪರಿಹಾರ ಸಿಗಬಹುದೇ?

ಉತ್ತರ: ಸಿಗಬಹುದು. ನೀವು ಬರೆದಿರುವ ಸಂಗತಿಗಳನ್ನು ಸಾಕ್ಷ್ಯದಿಂದ ತೋರಿಸಲು ಸಾಧ್ಯವಾದರೆ ನಿಮ್ಮ ಪಕ್ಷ ದುರ್ಬಲವಾದುದಲ್ಲ. ಆದರೆ ನ್ಯಾಯಾಲಯ ಮರ ಬಿದ್ದ ದಿನಕ್ಕಿಂತ ಹೆಚ್ಚಾಗಿ ನೀವು ಫೋಟೋ ಕಳುಹಿಸಿದ ಏಪ್ರಿಲಿನ ದಿನವನ್ನು ಗಮನಿಸುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಬಿದ್ದದ್ದು ಅವರ ಮರ, ಪೆಟ್ಟಾದದ್ದು ನಿಮಗೆ ಎಂಬಷ್ಟರಿಂದಲೇ ಹಣ ಕೊಡಿಸುವ ಕಾನೂನು ನಮ್ಮಲ್ಲಿಲ್ಲ. ಅಪಾಯ ಗೊತ್ತಿದ್ದೂ, ಅಥವಾ ಗೊತ್ತಿರಬೇಕಾಗಿದ್ದೂ, ಅದನ್ನು ತಪ್ಪಿಸಲು ಮಾಡಬೇಕಾದುದನ್ನು ಅವರು ಮಾಡಲಿಲ್ಲ ಎಂಬುದನ್ನು ನೀವು ತೋರಿಸಿಕೊಡಬೇಕು.

ನಿಮ್ಮ ವಕೀಲರು ಹೇಳಿದ ಟಾರ್ಟ್ ಎಂಬುದು ಸಿವಿಲ್ ಸ್ವರೂಪದ ತಪ್ಪು. ನಿಮ್ಮ ನಡುವೆ ಯಾವ ಕರಾರೂ ಇಲ್ಲದಿದ್ದರೂ ಒಬ್ಬರ ತಪ್ಪಿನಿಂದ ಇನ್ನೊಬ್ಬರ ದೇಹಕ್ಕೋ ಸೊತ್ತಿಗೋ ಹಾನಿಯಾದಾಗ ಅದನ್ನು ಹಣದ ಮೂಲಕ ತುಂಬಿಸಿಕೊಡುವುದು ಇದರ ಕೆಲಸ. ಜೈಲು, ದಂಡ ಇದರ ವ್ಯಾಪ್ತಿಯಲ್ಲಿಲ್ಲ. ಕರಾರು ಕಾಯಿದೆಯಂತೆ ಸೆಕ್ಷನ್‌ವಾರು ಬರೆದಿಟ್ಟ ಒಂದೇ ಪುಸ್ತಕ ಭಾರತದಲ್ಲಿ ಇದಕ್ಕಿಲ್ಲ. ಬಹುಪಾಲು ತತ್ತ್ವಗಳು ಇಂಗ್ಲೆಂಡಿನ ತೀರ್ಪುಗಳಿಂದ ಬಂದು, ನಮ್ಮ ಹೈಕೋರ್ಟುಗಳ ಮತ್ತು ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ನೆಲೆಗೊಂಡಿವೆ. ನಷ್ಟವಾದ ಮಾತ್ರಕ್ಕೆ ಟಾರ್ಟ್ ಆಗುವುದಿಲ್ಲ ಎಂಬುದೂ ಆ ತತ್ತ್ವಗಳಲ್ಲಿ ಒಂದು. ನಿಮ್ಮ ಅಂಗಡಿಯ ಎದುರು ಇನ್ನೊಬ್ಬರು ಅಂಗಡಿ ತೆರೆದು ನಿಮ್ಮ ವ್ಯಾಪಾರ ಕುಸಿದರೆ ನಷ್ಟ ನಿಜವಾದರೂ ದಾವೆಗೆ ಆಸ್ಪದವಿಲ್ಲ, ಏಕೆಂದರೆ ನಿಮ್ಮ ಕಾನೂನುಬದ್ಧ ಹಕ್ಕಿಗೆ ಅಲ್ಲಿ ಧಕ್ಕೆಯಾಗಿಲ್ಲ.

ನಿರ್ಲಕ್ಷ್ಯವೆಂಬ ಟಾರ್ಟಿನಲ್ಲಿ ವಾದಿಯು ತೋರಿಸಬೇಕಾದುದು ಇಷ್ಟು: ಪ್ರತಿವಾದಿಗೆ ತನ್ನ ವಿಷಯದಲ್ಲಿ ಎಚ್ಚರಿಕೆ ವಹಿಸುವ ಕರ್ತವ್ಯವಿತ್ತು, ಅವರು ಅದನ್ನು ಪಾಲಿಸಲಿಲ್ಲ, ಅದರ ಫಲವಾಗಿಯೇ, ತೀರ ದೂರದ್ದಲ್ಲದ ಹಾನಿ ತನಗೆ ಉಂಟಾಯಿತು.

ಕರ್ತವ್ಯದ ಬಗ್ಗೆ ನಿಮ್ಮ ಪ್ರಕರಣದಲ್ಲಿ ಹೆಚ್ಚು ಚರ್ಚೆ ಆಗಲಿಕ್ಕಿಲ್ಲ. 1932ರಲ್ಲಿ, ಬ್ರಿಟನ್ನಿನ ಆಗಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಡೊನಾಹ್ಯೂ ಮತ್ತು ಸ್ಟೀವನ್ಸನ್ ಪ್ರಕರಣವನ್ನು ತೀರ್ಮಾನಿಸಿತು. ಸ್ಕಾಟ್ಲೆಂಡಿನ ಪೈಸ್ಲಿ ಎಂಬ ಊರಿನಲ್ಲಿ ಗೆಳತಿ ಕೊಡಿಸಿದ ಜಿಂಜರ್ ಬಿಯರ್ ಕುಡಿದ ಹೆಂಗಸೊಬ್ಬರು, ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂದು ತಯಾರಕರ ಮೇಲೆಯೇ ದಾವೆ ಹೂಡಿದ್ದರು. ಅವರು ಅದನ್ನು ಕೊಂಡವರೂ ಆಗಿರಲಿಲ್ಲ, ತಯಾರಕರೊಂದಿಗೆ ಅವರಿಗೆ ಯಾವ ಕರಾರೂ ಇರಲಿಲ್ಲ. ನಮ್ಮ ಕೃತ್ಯದಿಂದ ಅಥವಾ ಲೋಪದಿಂದ ಯಾರಿಗೆ ನೇರವಾಗಿ ತೊಂದರೆಯಾಗಬಹುದೆಂದು ನಾವು ಮುಂಗಾಣಲು ಸಾಧ್ಯವೋ ಅವರೆಲ್ಲರೂ ಕಾನೂನಿನ ದೃಷ್ಟಿಯಲ್ಲಿ ನಮ್ಮ ನೆರೆಯವರು ಎಂದು ಆ ಪೀಠದ ನ್ಯಾಯಾಧೀಶ ಲಾರ್ಡ್ ಆಟ್ಕಿನ್ ಅಂದು ಮಂಡಿಸಿದ ತತ್ತ್ವವನ್ನು ನಮ್ಮ ನ್ಯಾಯಾಲಯಗಳೂ ಇಂದಿಗೂ ಉಲ್ಲೇಖಿಸುತ್ತವೆ. ನಿಮ್ಮ ಎದುರುಪಕ್ಷದವರಾದರೋ ಅಕ್ಷರಶಃ ನೆರೆಯವರು. ವಾಲಿದ ಮರದ ಕೆಳಗೆ ಹಟ್ಟಿಯಿದೆ, ಅಲ್ಲಿಗೆ ದಿನಕ್ಕೆರಡು ಬಾರಿ ಹಾಲು ಕರೆಯಲು ಜನ ಬರುತ್ತಾರೆ ಎಂಬುದು ಅವರ ಕಣ್ಣೆದುರಿನ ಸಂಗತಿ. ಇಲ್ಲಿ ನೀವು ಗಮನಿಸಬೇಕಾದ ಒಂದು ವಿಷಯವೆಂದರೆ, ಕರ್ತವ್ಯವು ಜಾಗವನ್ನು ತಮ್ಮ ಹಿಡಿತದಲ್ಲಿ ಇಟ್ಟುಕೊಂಡವರ ಮೇಲೆ ಬರುತ್ತದೆ. ನಮ್ಮ ಕಡೆ ಜಾಗದ ಆಧಾರಪತ್ರದಲ್ಲಿ ಹೆಸರಿರುವವರು ಕೊಲ್ಲಿಯಲ್ಲೋ ಬೆಂಗಳೂರಿನಲ್ಲೋ ಇದ್ದು, ತೋಟ ನೋಡಿಕೊಳ್ಳುವವರು ತಮ್ಮನೋ ಅಳಿಯನೋ ಆಗಿರುವುದು ಸಾಮಾನ್ಯ. ಹಾಗಿದ್ದರೆ ಇಬ್ಬರನ್ನೂ ಪ್ರತಿವಾದಿಗಳನ್ನಾಗಿ ಮಾಡುವುದು ಲೇಸು. ಒಬ್ಬರು ಮತ್ತೊಬ್ಬರತ್ತ ಬೊಟ್ಟು ಮಾಡಿ ಇಬ್ಬರೂ ಜಾರಿಕೊಳ್ಳುವುದನ್ನು ಅದು ತಪ್ಪಿಸುತ್ತದೆ.

ಕರ್ತವ್ಯವನ್ನು ಪಾಲಿಸಲಿಲ್ಲ ಎಂಬ ಎರಡನೆಯ ಅಂಶದ ಮೇಲೆಯೇ ನಿಮ್ಮ ದಾವೆಯ ಸೋಲು ಗೆಲುವು ನಿಂತಿದೆ. ಇಲ್ಲಿ ನ್ಯಾಯಾಲಯದ ಅಳತೆಗೋಲು ಅತಿಜಾಗರೂಕನೂ ಅಲ್ಲದ, ಉಡಾಫೆಯವನೂ ಅಲ್ಲದ, ಸಾಧಾರಣ ವಿವೇಕವುಳ್ಳ ವ್ಯಕ್ತಿ. ಅಂಥವರು ಆ ಸ್ಥಿತಿಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳುವಾಗ ಅಪಾಯದ ಸಂಭವ ಎಷ್ಟು, ಅನಾಹುತವಾದರೆ ಹಾನಿ ಎಷ್ಟು ದೊಡ್ಡದು, ತಪ್ಪಿಸಲು ಬೇಕಾದ ಖರ್ಚು ಮತ್ತು ಶ್ರಮ ಎಷ್ಟು ಎಂಬುದನ್ನು ತೂಗಲಾಗುತ್ತದೆ.

ಮರಗಳ ವಿಷಯದಲ್ಲಿ ಕಾನೂನು ಮಾಲಿಕರ ಬಗ್ಗೆ ಸಾಕಷ್ಟು ಸೈರಣೆ ತೋರಿದೆ. ಇಂಗ್ಲೆಂಡಿನಲ್ಲಿ 1926ರ ನೋಬಲ್ ಮತ್ತು ಹ್ಯಾರಿಸನ್ ಪ್ರಕರಣದಲ್ಲಿ ರಸ್ತೆಗೆ ಚಾಚಿದ್ದ ಗೆಲ್ಲೊಂದು ಮುರಿದು ವಾಹನದ ಮೇಲೆ ಬಿದ್ದರೂ, ಒಳಗಿನ ಬಿರುಕು ಹೊರಗೆ ಕಾಣುವಂಥದ್ದಾಗಿರಲಿಲ್ಲ ಎಂಬ ಕಾರಣಕ್ಕೆ ಮಾಲಿಕರನ್ನು ಹೊಣೆ ಮಾಡಲಿಲ್ಲ. ನಮ್ಮಲ್ಲಿ ರಾಜಕೋಟೆಯ ರಸ್ತೆಬದಿಯ ಮರ ಬಿದ್ದು ದಾರಿಹೋಕರೊಬ್ಬರು ತೀರಿಕೊಂಡ ಪ್ರಕರಣದಲ್ಲಿ, ಕೆಳಗಿನ ನ್ಯಾಯಾಲಯಗಳು ಕೊಡಿಸಿದ್ದ ಪರಿಹಾರವನ್ನು 1997ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಊರಿನ ಪ್ರತಿಯೊಂದು ಮರದ ಒಳಗಿನ ಸ್ಥಿತಿಗೂ ನಗರಪಾಲಿಕೆ ಹೊಣೆಯಾಗಲಾರದು ಎಂಬ ಧಾಟಿ ಆ ತೀರ್ಪಿನಲ್ಲಿದೆ. ನಿಮ್ಮ ಎದುರಿನ ವಕೀಲರು ಈ ತೀರ್ಪನ್ನು ಖಂಡಿತ ಮುಂದಿಡುತ್ತಾರೆ. ಮನುಷ್ಯ ಕಟ್ಟಿದ ರಚನೆಗಳ ವಿಷಯದಲ್ಲಿ ಇಷ್ಟು ಸೈರಣೆಯಿಲ್ಲ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ 1951ರಲ್ಲಿ ಕುಸಿದು ಜನ ಸತ್ತ ಪ್ರಕರಣದಲ್ಲಿ, ಅದರ ಗಾರೆಯ ಆಯುಸ್ಸು ಹೆಚ್ಚೆಂದರೆ 45 ವರ್ಷವಿದ್ದು ಕಟ್ಟಡಕ್ಕೆ 80 ವರ್ಷವಾಗಿತ್ತು ಎಂಬುದನ್ನು ಗಮನಿಸಿದ ಸುಪ್ರೀಂ ಕೋರ್ಟು, ಕುಸಿತವೇ ನಿರ್ಲಕ್ಷ್ಯಕ್ಕೆ ಸಾಕ್ಷಿ ಎಂದು 1966ರಲ್ಲಿ ಎತ್ತಿಹಿಡಿಯಿತು. ದೋಷ ಹೊರಗೆ ಕಾಣುತ್ತಿತ್ತೋ ಇಲ್ಲವೋ ಎಂಬುದು ಅಲ್ಲಿ ಮಾಲಿಕರ ಸಹಾಯಕ್ಕೆ ಬರಲಿಲ್ಲ. ಮರಕ್ಕೆ ಈ ಅನುಕೂಲ ನಿಮಗೆ ಸಿಗದು. ಬಿದ್ದಿತು, ಆದ್ದರಿಂದ ನಿರ್ಲಕ್ಷ್ಯ ಎಂದು ವಾದಿಸಿ ಗೆಲ್ಲುವ ಆಸೆ ಬೇಡ.

ಆದರೆ ರಾಜಕೋಟೆಯ ಮರಕ್ಕೂ ನಿಮ್ಮ ನೆರೆಯವರ ಮಾವಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಪೊಟರೆ ಹೊರಗೆ ಕಾಣುತ್ತಿತ್ತು. ಮರ ಒಂದೇ ಕಡೆಗೆ ವಾಲಿತ್ತು. ಅದನ್ನು ಚಿತ್ರ ಸಹಿತ ಅವರ ಗಮನಕ್ಕೆ ತರಲಾಗಿತ್ತು. ‘ನೋಡುವ’ ಎಂದು ಅವರು ಉತ್ತರವನ್ನೂ ಕೊಟ್ಟಿದ್ದರು. ಗುಪ್ತ ದೋಷವೆಂಬ ರಕ್ಷಣೆ ಅಲ್ಲಿಗೆ ಮುಗಿಯಿತು. ಪತ್ತನಾಜೆಯ ಮೊದಲು ಮನೆಯ ಮೇಲೆ, ಹಟ್ಟಿಯ ಮೇಲೆ ಬಾಗಿದ ಗೆಲ್ಲು ಇಳಿಸುವುದು, ಒಣಗಿದ ತೆಂಗನ್ನು ಕಡಿಸುವುದು ಕಾಸರಗೋಡಿನ ಹಳ್ಳಿಗಳಲ್ಲಿ ಎಲ್ಲರೂ ಮಾಡುವ ಕೆಲಸ. ಹೀಗಾಗಿ ಸಾಧಾರಣ ವಿವೇಕವುಳ್ಳವರು ಏನು ಮಾಡುತ್ತಿದ್ದರು ಎಂಬುದಕ್ಕೆ ಊರಿನ ಈ ರೂಢಿಯೇ ಉತ್ತರ ಕೊಡುತ್ತದೆ. ಅದನ್ನು ಹೇಳಬಲ್ಲ ಇಬ್ಬರು ಕೃಷಿಕರ ಸಾಕ್ಷ್ಯ ನಿಮಗೆ ಬೇಕು. ಏಪ್ರಿಲಿನಿಂದ ಆಟಿಯವರೆಗೆ ಅವರು ಯಾರಿಗಾದರೂ ಕಡಿಯಲು ಹೇಳಿ ಆಳು ಸಿಗದೆ ಹೋಯಿತೇ, ಅನುಮತಿಗಾಗಿ ಅರ್ಜಿ ಹಾಕಿದ್ದರೇ ಎಂಬುದನ್ನು ವಿಚಾರಿಸಿಕೊಳ್ಳಿ. ಪ್ರಾಮಾಣಿಕ ಪ್ರಯತ್ನ ನಡೆದಿದ್ದರೆ ನಿಮ್ಮ ಪಕ್ಷ ಅಷ್ಟರಮಟ್ಟಿಗೆ ತೆಳುವಾಗುತ್ತದೆ.

ಗಾಳಿಗೆ ಬಿತ್ತು ಎಂಬ ಅವರ ವಾದಕ್ಕೆ ಕಾನೂನಿನಲ್ಲಿ ದೈವಕೃತ್ಯ ಎಂಬ ಹೆಸರಿದೆ. ಆದರೆ ಯಾರೂ ನಿರೀಕ್ಷಿಸಲಾಗದ, ಯಾವ ಎಚ್ಚರಿಕೆಯಿಂದಲೂ ತಪ್ಪಿಸಲಾಗದ ಅಸಾಧಾರಣ ಪ್ರಕೃತಿವ್ಯಾಪಾರಕ್ಕೆ ಮಾತ್ರ ಅದು ಅನ್ವಯಿಸುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಜಿಲ್ಲೆಯಲ್ಲಿ ಆಟಿಯ ಮಳೆಗಾಳಿಯನ್ನು ಅನಿರೀಕ್ಷಿತ ಎನ್ನುವುದು ಕಷ್ಟ. ಅಂದು ಅಕ್ಕಪಕ್ಕದ ತೋಟಗಳಲ್ಲಿ ಗಟ್ಟಿಮುಟ್ಟಾದ ಮರಗಳೂ ಸಾಲುಸಾಲಾಗಿ ಉರುಳಿದ್ದವೇ, ಅಥವಾ ಈ ಒಂದು ಮರ ಮಾತ್ರ ಬಿತ್ತೇ ಎಂಬುದು ಇಲ್ಲಿ ನಿರ್ಣಾಯಕ. ಈ ಮರ ಒಂಟಿಯಾಗಿ ಬಿದ್ದಿದ್ದರೆ ತಪ್ಪು ಗಾಳಿಯದ್ದಲ್ಲ, ಪೊಟರೆಯದ್ದು ಎಂಬ ನಿಮ್ಮ ವಾದಕ್ಕೆ ಬಲ ಬರುತ್ತದೆ.

ನಿಮ್ಮ ತಾಯಿಯವರ ಪ್ರಾಯದ ಬಗ್ಗೆ ಅವರು ಹೇಳಿದ ಮಾತು ಒರಟಷ್ಟೇ ಅಲ್ಲ, ಕಾನೂನಿನಲ್ಲೂ ನಿಲ್ಲುವಂಥದ್ದಲ್ಲ. ತಪ್ಪು ಮಾಡಿದವರು ತಮ್ಮಿಂದ ಪೆಟ್ಟು ತಿಂದವರನ್ನು ಅವರಿದ್ದ ಸ್ಥಿತಿಯಲ್ಲೇ ಸ್ವೀಕರಿಸಬೇಕು ಎಂಬುದು ದೀರ್ಘಕಾಲದಿಂದ ಒಪ್ಪಿಕೊಂಡು ಬಂದ ನಿಯಮ. ಮೂವತ್ತರ ಪ್ರಾಯದವರಿಗೆ ತರಚು ಗಾಯವಾಗುತ್ತಿದ್ದ ಹೊಡೆತಕ್ಕೆ ಅರುವತ್ತೆಂಟರವರ ಮೂಳೆ ಮುರಿದರೆ ಆ ಮುರಿತಕ್ಕೇ ಪರಿಹಾರ ಕೊಡಬೇಕಾಗುತ್ತದೆ. ಮೊದಲೇ ಇದ್ದ ಕಾಯಿಲೆಯ ಚಿಕಿತ್ಸೆಯ ಖರ್ಚನ್ನು ಮಾತ್ರ ಇದರೊಳಗೆ ಸೇರಿಸಬೇಡಿ; ಒಂದು ಬಿಲ್ಲು ಸುಳ್ಳೆಂದು ಕಂಡರೆ ಉಳಿದ ಒಂಬತ್ತರ ಮೇಲೂ ಸಂಶಯ ಬರುತ್ತದೆ.

‘ನೀವೇ ಕಡಿಯಬಹುದಿತ್ತು’ ಎಂಬುದು ಸ್ವಲ್ಪ ಯೋಚಿಸಬೇಕಾದ ವಾದ. ನೆರೆಯ ಮರದ ಗೆಲ್ಲು ನಮ್ಮ ಜಾಗಕ್ಕೆ ಚಾಚಿದರೆ ಗಡಿಯವರೆಗೆ ಅದನ್ನು ಕಡಿಯುವ ಹಕ್ಕು ನಮಗಿದೆ. ಇದು ಇಂಗ್ಲೆಂಡಿನ 1895ರ ಲೆಮನ್ ಮತ್ತು ವೆಬ್ ತೀರ್ಪಿನಿಂದ ಸ್ಪಷ್ಟವಾದ ಸಂಗತಿ. ಆದರೆ ಹಕ್ಕಿದೆ ಎಂದ ಮಾತ್ರಕ್ಕೆ ಕಡಿಯಲೇಬೇಕೆಂಬ ಕರ್ತವ್ಯ ಬರುವುದಿಲ್ಲ. ಅಲ್ಲದೆ ಅಪಾಯವಿದ್ದದ್ದು ಅವರ ಜಾಗದಲ್ಲಿದ್ದ ಬುಡದಲ್ಲಿ, ಅದನ್ನು ಮುಟ್ಟುವ ಅಧಿಕಾರ ನಿಮಗಿರಲಿಲ್ಲ. ಹಾಗಿದ್ದರೂ, ಅಪಾಯವನ್ನು ತಿಳಿದೂ ಹಸುವನ್ನು ಬೇರೆಡೆ ಕಟ್ಟಲಿಲ್ಲ, ಪಂಚಾಯತಿಗೆ ದೂರು ಕೊಡಲಿಲ್ಲ ಎಂದು ನಿಮ್ಮ ಪಾಲಿನ ನಿರ್ಲಕ್ಷ್ಯವನ್ನು ಅವರು ಎತ್ತಬಹುದು. ಹಿಂದಿನ ಕಾಲದ ಇಂಗ್ಲಿಷ್ ನಿಯಮದಲ್ಲಿ ಇಂಥ ಚೂರು ತಪ್ಪು ಕಂಡರೂ ವಾದಿಯು ಬರಿಗೈಯಲ್ಲಿ ಮರಳಬೇಕಿತ್ತು. ಇಂದು ಹಾಗಿಲ್ಲ, ಕೇರಳದಲ್ಲಂತೂ 1976ರ ಕೇರಳ ಟಾರ್ಟ್ಸ್ ಕಾಯಿದೆಯೇ ಇದ್ದು, ಎರಡೂ ಕಡೆ ತಪ್ಪಿದ್ದಾಗ ಪರಿಹಾರವನ್ನು ತಪ್ಪಿನ ಪಾಲಿಗೆ ತಕ್ಕಂತೆ ಇಳಿಸಲು ಅವಕಾಶ ಕೊಡುತ್ತದೆ. ನಿಮ್ಮ ಪಾಲು ನಾಲ್ಕರಲ್ಲಿ ಒಂದು ಎಂದು ನ್ಯಾಯಾಲಯಕ್ಕೆ ಕಂಡರೆ ಉಳಿದ ಮುಕ್ಕಾಲು ನಿಮಗೆ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ, ತಮ್ಮದೇ ಹಟ್ಟಿಯಲ್ಲಿ ದಿನನಿತ್ಯದ ಕೆಲಸ ಮಾಡುತ್ತಿದ್ದ ತಾಯಿಯವರ ಮೇಲೆ ದೊಡ್ಡ ಪಾಲನ್ನು ಹೊರಿಸುವುದು ಯಾವ ನ್ಯಾಯಾಧೀಶರಿಗೂ ಸುಲಭವಲ್ಲ.

ಪಂಚಾಯತಿನ ಮಾತು ಬಂದುದರಿಂದ ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಪ್ರಕರಣಕ್ಕೆ ಇದು ತಡವಾಯಿತು, ಆದರೆ ಇದೇ ಗಡಿಯಲ್ಲಿ ಇನ್ನೂ ಮರಗಳಿದ್ದರೆ ಉಪಯೋಗಕ್ಕೆ ಬರುತ್ತದೆ. ಬೀಳುವ ಸಂಭವವಿರುವ ಮರ, ಗೆಲ್ಲು, ಅಥವಾ ಅದರ ಕಾಯಿಯಿಂದ ಜನರಿಗೋ ಕಟ್ಟಡಕ್ಕೋ ಅಪಾಯವಿದ್ದರೆ ಅದನ್ನು ಕಡಿಯಲು ಮಾಲಿಕರಿಗೆ ನೋಟಿಸು ಕೊಡುವ ಅಧಿಕಾರ 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯ 238ನೇ ಸೆಕ್ಷನ್ ಪ್ರಕಾರ ಗ್ರಾಮ ಪಂಚಾಯತಿಗಿದೆ. ಕಂದಾಯ ವಿಭಾಗಾಧಿಕಾರಿಯವರ, ಅಂದರೆ ಆರ್.ಡಿ.ಒ. ಅವರ ಮುಂದೆ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಕೆಳಗೆ ಹೋಗುವ ದಾರಿಯೂ ಇದೆ. ಲಿಖಿತ ದೂರು ಕೊಟ್ಟು, ಅದಕ್ಕೆ ರಶೀದಿ ಪಡೆದು ಇಟ್ಟುಕೊಂಡರೆ, ಮುಂದೆ ಅನಾಹುತವಾದಾಗ ‘ನಮಗೆ ಗೊತ್ತಿರಲಿಲ್ಲ’ ಎಂದು ಹೇಳುವುದು ಯಾರಿಗೂ ಸಾಧ್ಯವಾಗುವುದಿಲ್ಲ.

ಕೆಲವು ಸಂದರ್ಭಗಳಲ್ಲಿ ನಿರ್ಲಕ್ಷ್ಯವನ್ನು ತೋರಿಸುವ ಅಗತ್ಯವೇ ಇಲ್ಲ. ಒಂದು ವೇಳೆ ಮರ ಕರೆಂಟಿನ ತಂತಿಯ ಮೇಲೆ ಬಿದ್ದು, ತುಂಡಾದ ತಂತಿ ತಗಲಿ ಯಾರಿಗಾದರೂ ಆಘಾತವಾಗಿದ್ದರೆ ಲೆಕ್ಕಾಚಾರ ಬೇರೆಯೇ ಆಗುತ್ತಿತ್ತು. ಮಧ್ಯಪ್ರದೇಶದಲ್ಲಿ ಮಳೆಯ ರಾತ್ರಿ ರಸ್ತೆಯಲ್ಲಿ ಬಿದ್ದಿದ್ದ ತಂತಿ ತಗಲಿ ಸೈಕಲ್ ಸವಾರರೊಬ್ಬರು ಸತ್ತ ಪ್ರಕರಣದಲ್ಲಿ, ಬೇರೆ ಯಾರೋ ಕರೆಂಟು ಕದಿಯಲು ಹಾಕಿದ ತಂತಿ ಅದು ಎಂಬ ಸಮರ್ಥನೆಯನ್ನು 2002ರಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಅಪಾಯಕಾರಿ ವಸ್ತುವನ್ನು ಸರಬರಾಜು ಮಾಡುವ ವಿದ್ಯುತ್ ಮಂಡಳಿಯೇ ಹೊಣೆ ಎಂದಿತು. ನಿರ್ಲಕ್ಷ್ಯವಿಲ್ಲದಿದ್ದರೂ ಬರುವ ಈ ಕಠಿಣ ಹೊಣೆಯ ಮೂಲ ಇಂಗ್ಲೆಂಡಿನ 1868ರ ರೈಲಾಂಡ್ಸ್ ಮತ್ತು ಫ್ಲೆಚರ್ ತೀರ್ಪಿನಲ್ಲಿದೆ. 1985ರಲ್ಲಿ ದೆಹಲಿಯ ಓಲಿಯಂ ಅನಿಲ ಸೋರಿಕೆಯಾದ ಮೇಲೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಭಗವತಿಯವರ ಪೀಠ ಅದನ್ನು ಅಪಾಯಕಾರಿ ಉದ್ಯಮಗಳ ವಿಷಯದಲ್ಲಿ ಯಾವ ವಿನಾಯಿತಿಯೂ ಇಲ್ಲದ ಸಂಪೂರ್ಣ ಹೊಣೆಯನ್ನಾಗಿ ಬೆಳೆಸಿತು. ನಿಮ್ಮ ಪೆರ್ಲ, ಎಣ್ಮಕಜೆಯ ಸುತ್ತಮುತ್ತ ಇರುವವರಿಗೆ ಇದು ದೂರದ ಕಾನೂನಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುವುದಕ್ಕೆ ಮೊದಲ ತಡೆ ಬಿದ್ದುದು ಲೀಲಾಕುಮಾರಿ ಅಮ್ಮ ಅವರು ಹೊಸದುರ್ಗದ ಮುನ್ಸಿಫ್ ಕೋರ್ಟಿನಲ್ಲಿ ಹೂಡಿದ ಸಿವಿಲ್ ದಾವೆಯಿಂದ. ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ರಾಜ್ಯಕ್ಕೆ ಆದೇಶಿಸಿದ್ದು ಬಹಳ ಕಾಲದ ನಂತರ. ಆದರೆ ತೋಟದ ಅಂಚಿನ ಮಾವಿನ ಮರವನ್ನು ಯಾವ ನ್ಯಾಯಾಲಯವೂ ಈ ಸಾಲಿನ ಅಪಾಯಕಾರಿ ವಸ್ತುವೆಂದು ಪರಿಗಣಿಸಲಾರದು. ನೀವು ನಿರ್ಲಕ್ಷ್ಯವನ್ನು ರುಜುವಾತು ಮಾಡಿಯೇ ತೀರಬೇಕು.

ಪೊಲೀಸರು ಹೇಳಿದ್ದರಿಂದ ಧೈರ್ಯಗೆಡಬೇಕಾಗಿಲ್ಲ. ಕ್ರಿಮಿನಲ್ ಪ್ರಕರಣಕ್ಕೆ ಬೇಕಾದ ನಿರ್ಲಕ್ಷ್ಯ ತೀರ ಗುರುತರವಾದುದಾಗಿರಬೇಕು ಎಂದು ಸುಪ್ರೀಂ ಕೋರ್ಟು 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ವಿವರಿಸಿದೆ. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದ ರುಜುವಾತೂ ಬೇಕು. ಸಿವಿಲ್ ದಾವೆಯಲ್ಲಿ ಎರಡು ಕಥನಗಳಲ್ಲಿ ಯಾವುದು ಹೆಚ್ಚು ಸಂಭವನೀಯ ಎಂಬುದೇ ಸಾಕು. ಒಂದು ಕಡೆ ಕೇಸಾಗದಿದ್ದರೆ ಇನ್ನೊಂದು ಬಾಗಿಲು ಮುಚ್ಚುವುದಿಲ್ಲ.

ಇನ್ನು ದಾವೆಯ ವ್ಯವಹಾರಕ್ಕೆ ಬರೋಣ. ನೀವು ಪತ್ರ ಬರೆದಿದ್ದರೂ ದೇಹದ ಹಾನಿಗೆ ವಾದಿ ನೀವಲ್ಲ, ನಿಮ್ಮ ತಾಯಿ. ಹಟ್ಟಿಯ ನಷ್ಟಕ್ಕೆ ಆ ಜಾಗ ಯಾರ ಹೆಸರಿನಲ್ಲಿದೆಯೋ ಅವರು ವಾದಿ. ತೀರಿಕೊಂಡ ತಂದೆಯವರ ಹೆಸರಿನಲ್ಲೇ ಉಳಿದಿದ್ದರೆ ವಾರಸುದಾರರೆಲ್ಲ ಸೇರಬೇಕು. ಕೇಳಬಹುದಾದ ಪರಿಹಾರದಲ್ಲಿ ಆಸ್ಪತ್ರೆಯ ಬಿಲ್ಲು, ಮಂಗಳೂರಿಗೆ ಹೋಗಿಬಂದ ವಾಹನದ ಬಾಡಿಗೆ, ನೋಡಿಕೊಳ್ಳಲು ಇಟ್ಟವರ ಸಂಬಳ, ಪಕ್ಕಾಸು ಹೆಂಚುಗಳ ಬೆಲೆ, ಬಡಗಿಯ ಕೂಲಿ ಇವು ಲೆಕ್ಕಕ್ಕೆ ಸಿಗುವಂಥವು. ನೋವು, ಕೈ ಮೊದಲಿನಂತೆ ಎತ್ತಲಾಗದ ತೊಂದರೆ ಇವುಗಳ ಮೊತ್ತವನ್ನು ನ್ಯಾಯಾಲಯ ಅಂದಾಜಿನ ಮೇಲೆ ನಿಗದಿಪಡಿಸುತ್ತದೆ. ‘ಮನೆಯಲ್ಲಿರುವ ಮುದುಕಿಗೆ ಆದಾಯವೆಲ್ಲಿ’ ಎಂಬ ಪ್ರಶ್ನೆ ಎದುರಾಗುವುದರಿಂದ, ಅವರು ಹಾಲನ್ನು ಸೊಸೈಟಿಗೆ ಕೊಡುತ್ತಿದ್ದರೆ ಆ ಪಾಸ್‌ಬುಕ್ಕನ್ನು ಜೋಪಾನವಾಗಿಡಿ. ಅಪಘಾತದ ಮೊದಲ ತಿಂಗಳುಗಳ ಲೀಟರು ಲೆಕ್ಕ ಮತ್ತು ನಂತರ ಖಾಲಿ ಬಿದ್ದ ಪುಟಗಳು ಯಾವ ವಾದಕ್ಕಿಂತಲೂ ಚೆನ್ನಾಗಿ ನಷ್ಟವನ್ನು ತೋರಿಸುತ್ತವೆ.

ಸಾಕ್ಷ್ಯಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ನಿಮ್ಮ ಫೋನು. ಏಪ್ರಿಲಿನ ಸಂದೇಶದ ಸ್ಕ್ರೀನ್‌ಶಾಟ್ ತೆಗೆದು ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟುಬಿಡಬೇಡಿ. ವಾಟ್ಸಾಪ್ ಸಂದೇಶದ ಪ್ರತಿಯನ್ನು ಹಾಜರುಪಡಿಸುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಂತೆ ಪ್ರಮಾಣಪತ್ರ ಲಗತ್ತಿಸಬೇಕು, ಮೂಲ ಸಂದೇಶ ಇರುವ ಫೋನು ಕೈಯಲ್ಲಿದ್ದರೆ ತಕರಾರು ಕಡಿಮೆ. ಬಿದ್ದ ಮರದ ಬುಡ ಇನ್ನೂ ಅಲ್ಲೇ ಇದ್ದರೆ ಪೊಟರೆಯ ಒಳಭಾಗ ಕಾಣುವಂತೆ, ಅಳತೆಗಾಗಿ ಪಕ್ಕದಲ್ಲಿ ಟೇಪು ಹಿಡಿದು ಫೋಟೋ ತೆಗೆಯಿರಿ. ಮರ ತುಂಡರಿಸಿದವರ ಹೆಸರು ಬರೆದಿಟ್ಟುಕೊಳ್ಳಿ, ಒಳಗೆ ಎಷ್ಟು ಲಡ್ಡಾಗಿತ್ತು (ಕೊಳೆತಿತ್ತು) ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ಮಳೆಹಾನಿಯ ಬಗ್ಗೆ ವಿಲ್ಲೇಜ್ ಆಫೀಸಿಗೆ ಅರ್ಜಿ ಕೊಟ್ಟಿದ್ದರೆ ಅವರು ಸ್ಥಳಕ್ಕೆ ಬಂದು ಬರೆದ ವರದಿಯ ನಕಲನ್ನೂ ಪಡೆಯಿರಿ.

ಇಂಥ ದಾವೆಗೆ ಕಾಲಮಿತಿ ಹಾನಿಯಾದ ದಿನದಿಂದ ಮೂರು ವರ್ಷ. ಚಿಕಿತ್ಸೆ ಮಂಗಳೂರಿನಲ್ಲಿ ನಡೆದಿದ್ದರೂ ಮರ ಬಿದ್ದ ಸ್ಥಳ ಮತ್ತು ಪ್ರತಿವಾದಿಗಳ ವಾಸ ಕಾಸರಗೋಡು ಜಿಲ್ಲೆಯಲ್ಲಿರುವುದರಿಂದ ದಾವೆಯನ್ನು ಇಲ್ಲಿಯೇ ಹೂಡಬೇಕು. ಕೇಳುವ ಮೊತ್ತಕ್ಕೆ ತಕ್ಕಂತೆ ಮುನ್ಸಿಫ್ ಕೋರ್ಟಿಗೋ ಸಬ್ ಕೋರ್ಟಿಗೋ ಅದು ಹೋಗುತ್ತದೆ. ಆದರೆ ನೇರವಾಗಿ ದಾವೆಗೆ ಇಳಿಯಬೇಡಿ. ಮೊದಲು ವಕೀಲರ ಮೂಲಕ ನೋಟಿಸು ಕೊಡಿಸಿ, ಅದಕ್ಕೆ ಬರುವ ಉತ್ತರವನ್ನು ನೋಡಿ. ‘ಸಂದೇಶ ಬಂದಿತ್ತು, ಆದರೆ’ ಎಂದು ಉತ್ತರ ಆರಂಭವಾದರೆ ಅರ್ಧ ಕೆಲಸ ಮುಗಿದಂತೆಯೇ. ಅನಂತರ ಕಾನೂನು ಸೇವಾ ಪ್ರಾಧಿಕಾರದ ಅದಾಲತಿಗೆ ಅರ್ಜಿ ಕೊಡಿ. ಅಲ್ಲಿ ಕೋರ್ಟು ಫೀಸು ಇಲ್ಲ, ಒಪ್ಪಂದವಾದರೆ ಅದು ಡಿಕ್ರಿಯಷ್ಟೇ ಬಲವುಳ್ಳದ್ದು, ಮೇಲ್ಮನವಿಗೆ ಹೋಗಿ ಎಳೆದಾಡಲೂ ಆಗದು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ಸೇವೆ ಪಡೆಯುವ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಕೊಟ್ಟಿದೆ. ನಿಮ್ಮ ತಾಯಿ ವಾದಿಯಾಗಿರುವುದರಿಂದ ಈ ಸೌಲಭ್ಯ ಅವರಿಗೆ ಸಿಗುತ್ತದೆ. ಒಟ್ಟು ಖರ್ಚು ಕೆಲವು ಸಾವಿರಗಳೊಳಗೆ ಇದ್ದರೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದಕ್ಕಿಂತ ಅದಾಲತಿನಲ್ಲಿ ಮುಕ್ಕಾಲು ಪಾಲಿಗೆ ಒಪ್ಪುವುದೇ ಮೇಲು ಎಂದು ನಾನು ಹೇಳುತ್ತೇನೆ. ಆಪರೇಶನ್ ಆಗಿ ಕೈಯ ಬಲ ಶಾಶ್ವತವಾಗಿ ಕುಂದಿದ್ದರೆ ಮಾತ್ರ, ವೈದ್ಯಕೀಯ ಪ್ರಮಾಣಪತ್ರ ಸಿಗುವವರೆಗೆ ಯಾವ ಮೊತ್ತಕ್ಕೂ ಅವಸರದಿಂದ ಸಹಿ ಹಾಕಬಾರದು.

ದಾವೆಯೇ ಆಗಬೇಕಾಗಿ ಬಂದರೆ ಭಾಷೆಯ ವಿಷಯದಲ್ಲಿ ಎಚ್ಚರವಿರಲಿ. ವಾದಿಯ ಮುಖ್ಯ ಹೇಳಿಕೆಯನ್ನು ಈಗ ಅಫಿದವಿತ್ ರೂಪದಲ್ಲಿ, ಸಾಮಾನ್ಯವಾಗಿ ಇಂಗ್ಲಿಷ್ ಅಥವಾ ಮಲಯಾಳದಲ್ಲಿ ಬರೆದು ಸಲ್ಲಿಸುತ್ತಾರೆ. ನಿಮ್ಮ ತಾಯಿಗೆ ಕನ್ನಡ ಮತ್ತು ತುಳು ಮಾತ್ರ ಬರುವುದಾದರೆ, ಸಹಿ ಹಾಕುವ ಮೊದಲು ಅದರ ಪ್ರತಿಯೊಂದು ವಾಕ್ಯವನ್ನೂ ಕನ್ನಡದಲ್ಲಿ ಓದಿ ಹೇಳಿಸಿ, ಹಾಗೆ ಓದಿ ಹೇಳಲಾಗಿದೆ ಎಂಬುದನ್ನು ಅದರಲ್ಲೇ ಬರೆಯಿಸಿ. ಪಾಟೀಸವಾಲಿನಲ್ಲಿ ಅವರು ಕನ್ನಡದಲ್ಲಿ ಕೊಡುವ ಉತ್ತರಕ್ಕೂ ಕಾಗದದಲ್ಲಿ ಬರೆದುದಕ್ಕೂ ವ್ಯತ್ಯಾಸ ಕಂಡರೆ, ಮರ ಬಿದ್ದ ಹೊತ್ತಿಗೆ ಅವರು ಹಟ್ಟಿಯ ಒಳಗಿದ್ದರೋ ಅಂಗಳದಲ್ಲಿದ್ದರೋ ಎಂಬಂಥ ಸಣ್ಣ ವಿಷಯದ ಮೇಲೆಯೇ ಎದುರಿನ ವಕೀಲರು ಇಡೀ ದಾವೆಯನ್ನು ಅಲುಗಾಡಿಸಬಲ್ಲರು.